ಹಿಮದೊಳಗಿನ ನೀಲಿಯನ್ನು ಹುಡುಕಿದ ರಾಮನ್

ಮಕ್ಕಳೇ, ಬೇಸಿಗೆಯ ಸಂಜೆ ಸುಂಕದಕಟ್ಟೆಯಲ್ಲಿ ಆಲಿಕಲ್ಲು ಮಳೆ ಬಂದರೆ ನೀವೇನು ಮಾಡುತ್ತೀರಿ? ಹೊರಗೆ ಓಡಿ, ಬಿದ್ದ ಕಲ್ಲುಗಳನ್ನು ಆಯ್ದು ಲೋಟಕ್ಕೆ ತುಂಬಿಕೊಳ್ಳುತ್ತೀರಿ, ಅಲ್ಲವೇ? ಮುಂದಿನ ಸಲ ದೊಡ್ಡದೊಂದು ಆಲಿಕಲ್ಲನ್ನು ಅಂಗೈ ಮೇಲಿಟ್ಟು ಚೆನ್ನಾಗಿ ನೋಡಿ. ಅದರ ಕೆಲವು ಭಾಗ ಗಾಜಿನಂತೆ ತಿಳಿಯಾಗಿರಬಹುದು, ಕೆಲವು ಭಾಗ ಹಾಲಿನಂತೆ ಬೆಳ್ಳಗಿರಬಹುದು. ಎರಡೂ ಹೆಪ್ಪುಗಟ್ಟಿದ ನೀರೇ. ಹಾಗಾದರೆ ಈ ಬಿಳಿ ಬಣ್ಣ ಎಲ್ಲಿಂದ ಬಂತು?

ನಮ್ಮೂರಿನಲ್ಲಿ ಹಿಮ ಬೀಳುವುದಿಲ್ಲ. ಹಿಮಾಲಯದಲ್ಲಿ, ಕೆನಡಾ, ಸ್ವೀಡನ್ ಮುಂತಾದ ದೇಶಗಳಲ್ಲಿ ಚಳಿಗಾಲದಲ್ಲಿ ಹಿಮ ಸುರಿದು ಮನೆ, ಮರ, ಬಯಲು ಎಲ್ಲವನ್ನೂ ಮುಚ್ಚುತ್ತದೆ. ಬಣ್ಣಗಳೆಲ್ಲ ಅಳಿಸಿಹೋದವೇನೋ ಎನಿಸುತ್ತದೆ. ಆದರೆ ಅಲ್ಲಿಯೂ ಬಣ್ಣವಿದೆ! ದಪ್ಪನೆಯ ಹಿಮದಲ್ಲಿ ಕೋಲಿನಿಂದ ಆಳವಾದ ತೂತು ಮಾಡಿ ಇಣುಕಿದರೆ ಒಳಗೆ ತಿಳಿನೀಲಿ ಕಾಣುತ್ತದೆ. ಹಿಮನದಿಗಳ ಬಿರುಕುಗಳಲ್ಲಂತೂ ಗಾಢವಾದ ನೀಲಿ. ಈ ನೀಲಿಗೆ ಕಾರಣ ಹುಡುಕಿದವರಲ್ಲಿ ಒಬ್ಬರು ಹಿಮವೇ ಬೀಳದ ಊರಿನಲ್ಲಿ ಹುಟ್ಟಿದವರು; ತಮ್ಮ ಬದುಕಿನ ಕೊನೆಯ 37 ವರ್ಷ ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದವರು. ಅವರೇ ಸರ್ ಸಿ.ವಿ. ರಾಮನ್.

ಚಂದ್ರಶೇಖರ ವೆಂಕಟ ರಾಮನ್ 1888ರ ನವೆಂಬರ್ 7ರಂದು ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಾಯಿ ಪಾರ್ವತಿ ಅಮ್ಮಾಳ್. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು. ಮನೆಯ ತುಂಬ ಪುಸ್ತಕಗಳಿದ್ದವು. ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಎಂ.ಎ. ಮುಗಿಸಿದರು. ಆಗ ಭಾರತದಲ್ಲಿ ವಿಜ್ಞಾನಿಗಳಿಗೆ ಕೆಲಸ ಸಿಗುವುದು ಕಷ್ಟವಾಗಿತ್ತು. ಆದ್ದರಿಂದ ಅವರು ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಕ್ಕೆ ಹೋದರು.

ಅಲ್ಲಿ ಭಾರತೀಯ ವಿಜ್ಞಾನ ಸಂವರ್ಧನಾ ಸಂಘದ ಪ್ರಯೋಗಾಲಯ ಅವರ ಕಣ್ಣಿಗೆ ಬಿತ್ತು. ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ, ಸಂಜೆ ಕಚೇರಿ ಮುಗಿದ ಮೇಲೆ ಅವರು ಅಲ್ಲಿ ಪ್ರಯೋಗ ನಡೆಸುತ್ತಿದ್ದರು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕರಾಗಲು ಕರೆಯಿತು. ಸಂಬಳ ಕಡಿಮೆ. ಆದರೂ ರಾಮನ್ ದೊಡ್ಡ ಸಂಬಳದ ಕೆಲಸ ಬಿಟ್ಟು ವಿಜ್ಞಾನದ ಕಡೆಗೆ ನಡೆದರು.

1921ರಲ್ಲಿ ರಾಮನ್ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ಬಣ್ಣ ಅವರ ಮನಸ್ಸನ್ನು ಸೆಳೆಯಿತು. ಸಮುದ್ರ ಏಕೆ ನೀಲಿ? ಆಕಾಶದ ನೀಲಿ ನೀರಿನಲ್ಲಿ ಪ್ರತಿಫಲಿಸುವುದೇ ಕಾರಣವೆಂದು ಲಾರ್ಡ್ ರ‍್ಯಾಲಿ ಎಂಬ ಪ್ರಸಿದ್ಧ ವಿಜ್ಞಾನಿ ಹೇಳಿದ್ದರು. ರ‍್ಯಾಲಿ ಸಾಮಾನ್ಯರಲ್ಲ. ಆಕಾಶ ಏಕೆ ನೀಲಿ ಎಂಬುದನ್ನು ವಿವರಿಸಿದವರು, ನೊಬೆಲ್ ಪ್ರಶಸ್ತಿ ಪಡೆದವರು. ಅಷ್ಟು ದೊಡ್ಡವರು ಹೇಳಿದ್ದನ್ನು ಒಪ್ಪಿ ಸುಮ್ಮನಿರಬಹುದಿತ್ತು.

ರಾಮನ್ ಸುಮ್ಮನಿರಲಿಲ್ಲ. ಅವರ ಬಳಿ ನಿಕೋಲ್ ಪಟ್ಟಕ ಎಂಬ ಪುಟ್ಟ ಸಾಧನವಿತ್ತು. ಅದನ್ನು ಸರಿಯಾದ ಕೋನದಲ್ಲಿ ಹಿಡಿದು ನೋಡಿದರೆ, ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಬೆಳಕನ್ನು ತಡೆಯಬಹುದು. ಮರಳಿ ಬರುವಾಗ ಹಡಗಿನ ಮೇಲೆ ನಿಂತು ಅವರು ಹಾಗೆಯೇ ನೋಡಿದರು. ಆಕಾಶದ ಪ್ರತಿಫಲನ ಮಾಯವಾಯಿತು. ಸಮುದ್ರದ ನೀಲಿ ಮಾತ್ರ ಹೋಗಲಿಲ್ಲ! ಅಂದರೆ ಆ ನೀಲಿ ನೀರಿನ ಒಳಗಿನಿಂದಲೇ ಬರುತ್ತಿದೆ. ನೀರಿನ ಅಣುಗಳು ಬೆಳಕನ್ನು ಚದುರಿಸುತ್ತವೆ ಎಂದು ರಾಮನ್ ತೀರ್ಮಾನಿಸಿದರು.

ಒಂದು ಉತ್ತರ ಸಿಕ್ಕರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ನೀರು ಬೆಳಕನ್ನು ಚದುರಿಸುವುದಾದರೆ, ಹೆಪ್ಪುಗಟ್ಟಿದ ನೀರು? 1923ರಲ್ಲಿ ರಾಮನ್ ಹಿಮನದಿಗಳ ಬಣ್ಣದ ಬಗ್ಗೆ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರೆದರು. ಘನವಾಗಿ ಕಾಣುವ ಮಂಜುಗಡ್ಡೆಯಲ್ಲಿಯೂ ಅಣುಗಳು ಶಾಖದಿಂದ ಸದಾ ಕಂಪಿಸುತ್ತಿರುತ್ತವೆ. ಇದರಿಂದ ಅಲ್ಲಿಯೂ ಬೆಳಕು ಚದುರುತ್ತದೆ. ನೀಲಿಗೆ ಇದೇ ಕಾರಣವೆಂದು ಅವರು ವಿವರಿಸಿದರು.

ಬೆಳಕಿನ ಚದುರಿಕೆಯ ಬೆನ್ನು ಹತ್ತಿದ ರಾಮನ್, ಕೆ.ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಡನೆ ವರ್ಷಗಟ್ಟಲೆ ದುಡಿದರು. 1928ರ ಫೆಬ್ರವರಿ 28ರಂದು ದೊಡ್ಡ ಫಲ ಸಿಕ್ಕಿತು. ವಸ್ತುವಿನ ಮೂಲಕ ಹಾಯುವಾಗ ಚದುರಿದ ಬೆಳಕಿನ ಅತಿ ಸ್ವಲ್ಪ ಭಾಗ ತನ್ನ ಬಣ್ಣವನ್ನೇ ಬದಲಿಸಿಕೊಳ್ಳುತ್ತದೆ! ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರ ಡಿಸೆಂಬರ್‌ನಲ್ಲಿ ಅವರಿಗೆ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಪ್ರಶಸ್ತಿ ನೀಡಲಾಯಿತು. ಆ ತಿಂಗಳು ಅಲ್ಲಿ ಹಗಲು ಸುಮಾರು ಆರೇ ಗಂಟೆ. ಬಿಸಿಲ ನಾಡಿನ ವಿಜ್ಞಾನಿಗೆ ಅಂಥ ಚಳಿಗಾಲದ ನಾಡಿನಲ್ಲಿ, ಬೆಳಕಿನ ಸಂಶೋಧನೆಗಾಗಿ ಗೌರವ ಸಂದಿತು. ಫೆಬ್ರವರಿ 28ನ್ನು ನಾವು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುವುದು ಈ ಸಂಶೋಧನೆಯ ನೆನಪಿಗಾಗಿ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರೇ. 1948ರಲ್ಲಿ ತಮ್ಮದೇ ಆದ ರಾಮನ್ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ಹರಳು, ರತ್ನ, ಚಿಟ್ಟೆಗಳ ಸಂಗ್ರಹ ಮಾಡಿದರು. ತೋಟದಲ್ಲಿ ಗುಲಾಬಿಗಳನ್ನು ಬೆಳೆಸಿದರು. ವಯಸ್ಸು ಎಪ್ಪತ್ತು ದಾಟಿದ ಮೇಲೂ ಹೂಗಳ ಬಣ್ಣ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದರು. 1954ರಲ್ಲಿ ಅವರಿಗೆ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಮಂಜುಗಡ್ಡೆಯ ನೀಲಿಯ ಬಗ್ಗೆ ಇಂದು ನಮಗೆ ಇನ್ನೂ ಹೆಚ್ಚು ತಿಳಿದಿದೆ. ನೀರು ಮತ್ತು ಮಂಜುಗಡ್ಡೆ ಬೆಳಕಿನ ಕೆಂಪು ಭಾಗವನ್ನು ತುಸು ಹೀರಿಕೊಳ್ಳುತ್ತವೆ. ಬೆಳಕು ಆಳಕ್ಕೆ ಹೋದಷ್ಟೂ ಕೆಂಪು ಕಡಿಮೆಯಾಗಿ ನೀಲಿ ಉಳಿಯುತ್ತದೆ. ಹಿಮನದಿಯ ನೀಲಿಗೆ ಮುಖ್ಯ ಕಾರಣ ಇದೇ. ಹಾಗಾದರೆ ರಾಮನ್ ಸೋತರೇ? ಇಲ್ಲ. ರ‍್ಯಾಲಿಯವರ ಉತ್ತರವನ್ನು ರಾಮನ್ ಪರೀಕ್ಷಿಸಿದರು. ರಾಮನ್ ಅವರ ಉತ್ತರವನ್ನು ಮುಂದಿನವರು ಪರೀಕ್ಷಿಸಿದರು. ವಿಜ್ಞಾನ ಬೆಳೆಯುವುದು ಹೀಗೆಯೇ.

ಇನ್ನು ಬಿಳಿಯ ಗುಟ್ಟು. ಹಿಮವೆಂದರೆ ಅಸಂಖ್ಯ ಪುಟ್ಟ ಹರಳುಗಳು, ನಡುವೆ ಗಾಳಿ. ಪ್ರತಿ ಹರಳಿನ ಅಂಚಿನಲ್ಲೂ ಬೆಳಕು ತಿರುಗಿ ತಿರುಗಿ, ಆಳಕ್ಕೆ ಇಳಿಯುವ ಮೊದಲೇ ಎಲ್ಲ ಬಣ್ಣಗಳೂ ಒಟ್ಟಿಗೆ ಹಿಂದಿರುಗುತ್ತವೆ. ಎಲ್ಲ ಬಣ್ಣ ಸೇರಿದರೆ ಬಿಳಿ! ಆಲಿಕಲ್ಲಿನ ಬಿಳಿ ಭಾಗದಲ್ಲಿಯೂ ಗಾಳಿಯ ಗುಳ್ಳೆಗಳು ಸೇರಿಕೊಂಡಿರುತ್ತವೆ.

ಮಾಡಿ ನೋಡಿ: ಒಂದು ತಿಳಿಯಾದ ಕಲ್ಲುಸಕ್ಕರೆಯ ಹರಳನ್ನು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಅದನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿ. ಪುಡಿಯ ಬಣ್ಣ ಏನಾಯಿತು? ಪುಡಿಯನ್ನು ನೀರಿಗೆ ಹಾಕಿ ಕಲಕಿದಾಗ ಏನಾಯಿತು? ಏಕೆ ಹೀಗಾಯಿತೆಂದು ಗೆಳೆಯರೊಡನೆ ಚರ್ಚಿಸಿ, ನಿಮ್ಮ ಶಿಕ್ಷಕರಿಗೆ ವಿವರಿಸಿ.