ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು

ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಕಾರ್ಮಿಕನೊಬ್ಬನಿಗೆ ಚಳಿಜ್ವರ ಬಂದು, ಬಲಪಕ್ಕೆ ನೊಂದು, ಯಕೃತ್ತಿನಲ್ಲಿ ಕೀವು ಕಟ್ಟಿದೆಯೆಂದು ತಿಳಿದುಬಂದರೆ, ವೈದ್ಯರು ಸೂಜಿಯಿಂದ ಕೀವನ್ನು ಸೆಳೆದು ಪರೀಕ್ಷೆಗೆ ಕಳುಹಿಸುವರು. ಉತ್ತರ ಬರುವತನಕ ಸೆಫ್ಟ್ರಿಯಾಕ್ಸೋನ್, ಮೆಟ್ರೊನಿಡಜೋಲ್ ಮುಂತಾದ ಔಷಧಗಳನ್ನು ಕೊಟ್ಟು, ಅನಂತರ ಕ್ರಿಮಿಯ ಜಾತಿಯನ್ನರಿತು ಅದಕ್ಕೆ ತಕ್ಕುದನ್ನು ಆರಿಸುವರು. ಹೀಗೆ ಆರಿಸುವ ಸೌಕರ್ಯವು ನಮ್ಮ ಹಿರಿಯರಿಗೆ ಇರಲಿಲ್ಲ. ಅದನ್ನು ಒದಗಿಸಿಕೊಟ್ಟವರಲ್ಲಿ ಭಾರತೀಯರೊಬ್ಬರಿದ್ದರೆಂಬುದನ್ನು ನಾವು ವಾಚಕರಿಗೆ ಜ್ಞಾಪಿಸಬಯಸುತ್ತೇವೆ.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಭೀಮವರಂ ಊರಿನಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಮೂರನೆಯ ಸಲ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯನ್ನುಟ್ಟುದು ಶಸ್ತ್ರವೈದ್ಯದ ಆಂಗ್ಲ ಪ್ರಾಧ್ಯಾಪಕರಿಗೆ ಸಹನೆಯಾಗಲಿಲ್ಲ. ಪೂರ್ಣ ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರವೇ ದೊರೆಯಿತು. ಬಟ್ಟೆಗೆ ತೆತ್ತ ಬೆಲೆ ಇದು! ಸಹೋದರನನ್ನು ಸ್ಪ್ರೂ ಎಂಬ ಕರುಳಿನ ಬೇನೆ ಕೊಂಡೊಯ್ದಿತ್ತು. ಆ ಶೋಕವು ಅವರನ್ನು ಸಂಶೋಧನೆಯ ಕಡೆಗೆ ತಿರುಗಿಸಿತು. ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಬೋಧಿಸಿ, 1922ರಲ್ಲಿ ಅಮೆರಿಕೆಯ ಬಾಸ್ಟನ್ನಿಗೆ ತೆರಳಿದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರ ಪಾತ್ರೆಗಳನ್ನು ತೊಳೆಯುವ ಕೆಲಸವನ್ನೂ ಮಾಡಿದರು.

ಹಾರ್ವರ್ಡಿನಲ್ಲಿ ಫಿಸ್ಕೆಯವರೊಡನೆ ರಕ್ತ ಮೂತ್ರಗಳ ರಂಜಕವನ್ನಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಸ್ನಾಯುಗಳ ಚಲನೆಗೆ ಶಕ್ತಿಯನ್ನೀಯುವ ವಸ್ತುಗಳನ್ನೂ ಗುರುತಿಸಿದರು. ಇಷ್ಟಾದರೂ ಅಲ್ಲಿ ಅವರಿಗೆ ಖಾಯಂ ಸ್ಥಾನ ಸಿಕ್ಕಲಿಲ್ಲ. 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿ ಅದರ ಸಂಶೋಧನೆಗೆ ನಾಯಕರಾದರು. ಫೋಲಿಕ್ ಆಮ್ಲದ ತಯಾರಿಕೆ, ಆನೆಕಾಲು ರೋಗಕ್ಕೆ ಹೆಟ್ರಜಾನ್, ಮಕ್ಕಳ ರಕ್ತಕ್ಯಾನ್ಸರಿಗೆ ಅಮಿನೋಪ್ಟೆರಿನ್, ಇವೆಲ್ಲವೂ ಆ ಅವಧಿಯ ಫಲಗಳು.

ನಮಗೆ ಇಲ್ಲಿ ಮುಖ್ಯವಾದುದು ಆರಿಯೋಮೈಸಿನ್. ಯಕೃತ್ತಿನಲ್ಲಿ ಕೀವು ಕಟ್ಟಿಸುವ ಕ್ರಿಮಿಗಳು ಬಹುಮಟ್ಟಿಗೆ ಕರುಳಿನಿಂದ ಬಂದವು. ಅವುಗಳಲ್ಲಿ ಹಲವನ್ನು ಆಗಿನ ಪೆನಿಸಿಲಿನ್ ಮುಟ್ಟುತ್ತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಮುಟ್ಟುತ್ತಿತ್ತು, ಆದರೆ ಕ್ರಿಮಿಗಳು ಬೇಗನೆ ಅದಕ್ಕೆ ಹೊಂದಿಕೊಂಡುಬಿಡುತ್ತಿದ್ದವು. ಸುಬ್ಬರಾಯರ ಪ್ರಯೋಗಶಾಲೆಯಲ್ಲಿ ವಯೋವೃದ್ಧ ಸಸ್ಯಶಾಸ್ತ್ರಜ್ಞ ಡಗ್ಗರರು ಮಿಸ್ಸೂರಿ ಪ್ರಾಂತದ ಹೊಲವೊಂದರ ಮಣ್ಣಿನಿಂದ ಹೊಂಬಣ್ಣದ ಸೂಕ್ಷ್ಮಜೀವಿಯೊಂದನ್ನು ಪಡೆದರು. ಅದರಿಂದ ಬಂದು 1948ರಲ್ಲಿ ಲೋಕಕ್ಕೆ ತಿಳಿದ ಔಷಧವು ಎರಡು ಬಗೆಯ ಕ್ರಿಮಿಗಳನ್ನೂ ಎದುರಿಸಬಲ್ಲುದಾಗಿತ್ತು. ಟೆಟ್ರಾಸೈಕ್ಲಿನ್ ವಂಶಕ್ಕೆ ಇದೇ ಹಿರಿಯದು. ಕ್ರಿಮಿಗಳು ಆ ವಂಶಕ್ಕೂ ಪ್ರತಿಕೂಲವಾಗಿ ಬಲಿತುದರಿಂದ, ಇಂದು ಯಕೃತ್ತಿನ ಕೀವಿಗೆ ವೈದ್ಯರು ಮೊದಲು ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಔಷಧದಂಗಡಿಯಲ್ಲಿ ನಾಲ್ಕು ಮಾತ್ರೆ ಕೊಂಡು, ಜ್ವರವಿಳಿದೊಡನೆ ಬಿಟ್ಟುಬಿಡುವ ನಮ್ಮ ಪಟ್ಟಣಿಗರು ಇದನ್ನು ಗಮನಿಸಬಾರದೆ?

1948ರ ಆಗಸ್ಟ್ 8ರಂದು, ಐವತ್ತಮೂರನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವರು ತೀರಿಕೊಂಡರು. ತೊರೆದ ತಾಯ್ನಾಡಿಗೆ ಅವರು ಮತ್ತೆ ಬರಲೇ ಇಲ್ಲ. ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿದ್ದು 1995ರಲ್ಲಿ.