ಬೀದರಿಗೆ ಬಂದ ಪರದೇಶಿ

ನಮ್ಮ ರಾಯಚೂರಿನಲ್ಲಿ ವಜ್ರ ಸಿಗುತ್ತದೆ ಎಂದು ರಷ್ಯನ್ ವ್ಯಾಪಾರಿಯೊಬ್ಬ ಐನೂರೈವತ್ತು ವರ್ಷಗಳ ಹಿಂದೆ ಬರೆದಿಟ್ಟಿದ್ದಾನೆ. ಅವನ ಹೆಸರು ಅಫನಾಸಿ ನಿಕಿತಿನ್. ಹೈಸ್ಕೂಲಿನ ಬಹಮನಿ ಪಾಠದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು. ಅದನ್ನು ನಾನು ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆ, ಅಷ್ಟೇ. ನೀರಮಾನ್ವಿಯಿಂದ ಬಿ.ಇ. ಓದಲು ಬೀದರಿಗೆ ಬಂದ ಮೇಲೆ, ಅವನೂ ಇದೇ ಊರಿನಲ್ಲಿ ಒಂದು ಚಳಿಗಾಲ ಕಳೆದಿದ್ದ ಎಂದು ತಿಳಿದು, ಅವನ ಟಿಪ್ಪಣಿಗಳ ಇಂಗ್ಲಿಷ್ ಅನುವಾದ ಹುಡುಕಿ ಪೂರ್ತಿ ಓದಿದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕಿಂತ ಇಪ್ಪತ್ತೈದು ವರ್ಷ ಮೊದಲೇ ಈತ ನಮ್ಮ ಕಡೆ ಬಂದು ಹೋಗಿದ್ದ.

ವೋಲ್ಗಾ ನದಿ ದಂಡೆಯ ತ್ವೆರ್ ಅವನ ಊರು. ಹೊರಟದ್ದು 1466ರಲ್ಲಿ ಎಂದು ಹಳೆಯ ಲೆಕ್ಕ, 1468ರಲ್ಲಿ ಎಂದು ಈಚಿನವರ ಲೆಕ್ಕ. ಅವನಿಗೆ ಭಾರತಕ್ಕೆ ಬರುವ ಯೋಚನೆ ಏನೂ ಇರಲಿಲ್ಲ. ಕ್ಯಾಸ್ಪಿಯನ್ ಸಮುದ್ರದ ಪಕ್ಕದ ಶಿರ್ವಾನ್ ರಾಜ್ಯಕ್ಕೆ ಹೋಗಿ ವ್ಯಾಪಾರ ಮಾಡಿಕೊಂಡು ಬರೋಣ ಎಂದು ಊರ ಜೊತೆಗಾರರೊಂದಿಗೆ ದೋಣಿ ಹತ್ತಿದ್ದ. ಶಿರ್ವಾನಿನ ರಾಯಭಾರಿ ರಷ್ಯಾದಿಂದ ತೊಂಬತ್ತು ಬೇಟೆ ಗಿಡುಗಗಳನ್ನು ಕಾಣಿಕೆ ಪಡೆದು ಊರಿಗೆ ಮರಳುತ್ತಿದ್ದ. ದಾರಿಯಲ್ಲಿ ಕಳ್ಳರ ಭಯ ಇದ್ದುದರಿಂದ ಇವರು ಅವನಿಗಾಗಿ ಎರಡು ವಾರ ಕಾದು ಜೊತೆ ಮಾಡಿಕೊಂಡರು. ಆದರೂ ಅಸ್ತ್ರಖಾನ್ ಹತ್ತಿರ ತಾತಾರರು ಮುತ್ತಿದರು. ನಿಕಿತಿನ್‌ನ ಸಾಮಾನೆಲ್ಲ ಇದ್ದ ಸಣ್ಣ ದೋಣಿ ಲೂಟಿಯಾಯಿತು. ಅದರೊಂದಿಗೆ ಅವನ ಧರ್ಮಗ್ರಂಥಗಳೂ ಹೋದವು. ಮುಂದೆ ಸಮುದ್ರದಲ್ಲಿ ಬಿರುಗಾಳಿಗೆ ಇನ್ನೊಂದು ದೋಣಿ ದಡಕ್ಕೆ ಬಡಿದು ಒಡೆಯಿತು, ಅದರಲ್ಲಿದ್ದವರು ಸೆರೆಯಾದರು.

ಉಳಿದವರು ಶಿರ್ವಾನಿನ ದೊರೆಯ ಮುಂದೆ ನಿಂತು, ಊರಿಗೆ ಮರಳಲು ದಾರಿಖರ್ಚು ಕೊಡಿ ಎಂದು ಬೇಡಿದರು. ಇಷ್ಟು ಜನಕ್ಕೆ ಎಲ್ಲಿಂದ ಕೊಡಲಿ ಎಂದು ಅವನು ಕೈಚೆಲ್ಲಿದ. ಜೊತೆಗಾರರು ಅತ್ತು ಅಲ್ಲೇ ಚದುರಿದರು. ಊರಲ್ಲಿ ಆಸ್ತಿಪಾಸ್ತಿ ಇದ್ದವರು ಹಿಂತಿರುಗಿದರು, ಕೆಲವರು ಅಲ್ಲೇ ನಿಂತರು, ಕೆಲವರು ಬಾಕುವಿಗೆ ಕೂಲಿಗೆ ಹೋದರು. ಊರಲ್ಲಿ ಸಾಲ ಮಾಡಿ ಬಂದವರು ಮುಖ ತೋರಿಸಲಾರದೆ ದಿಕ್ಕು ಸಿಕ್ಕ ಕಡೆ ನಡೆದರು. ನಿಕಿತಿನ್ ಊರ ಕಡೆ ಹೋಗಲಿಲ್ಲ. ಅವನಿಗೂ ಸಾಲವಿದ್ದಿರಬೇಕು ಎಂದು ಓದಿದವರೆಲ್ಲ ಊಹಿಸುತ್ತಾರೆ, ನನಗೂ ಹಾಗೇ ಅನಿಸುತ್ತದೆ. ನಮ್ಮ ಕ್ಲಾಸಿನಲ್ಲಿ ಎಂ.ಎಸ್. ಮಾಡಲು ಜರ್ಮನಿ, ಅಮೆರಿಕ ಎನ್ನುವವರು ಹತ್ತಾರು ಮಂದಿ ಇದ್ದಾರೆ. ಇಬ್ಬಿಬ್ಬರು ಗೆಳೆಯರು ಸೇರಿ ಒಂದೇ ಊರು, ಒಂದೇ ರೂಮು ಎಂದು ಲೆಕ್ಕ ಹಾಕುತ್ತಾರೆ. ಒಬ್ಬನಿಗೆ ವೀಸಾ ಆಗಿ ಇನ್ನೊಬ್ಬನಿಗೆ ಆಗದಿದ್ದರೆ, ಮನೆ ಕಾಗದಪತ್ರ ಒತ್ತೆಯಿಟ್ಟು ಎಜುಕೇಶನ್ ಲೋನ್ ತೆಗೆದವನು ಒಬ್ಬನೇ ಆದರೂ ಹೋಗಲೇಬೇಕು. ಈ ಭಾಗ ಓದುವಾಗ ನನಗೆ ಅವರೇ ಕಣ್ಮುಂದೆ ಬಂದರು.

ಅಲ್ಲಿಂದ ಮುಂದೆ ಅವನದು ಒಂಟಿ ಪಯಣ. ಬಾಕು ದಾಟಿ, ಪರ್ಷಿಯಾದ ಊರೂರು ಅಲೆದು, ಹೋರ್ಮುಜ್ ಬಂದರಿಗೆ ಬಂದ. ಬಹಮನಿ ರಾಜ್ಯದಲ್ಲಿ ಕುದುರೆಗೆ ಭಾರಿ ಬೇಡಿಕೆ ಎಂದು ಕೇಳಿ, ಇದ್ದಬದ್ದ ದುಡ್ಡನ್ನೆಲ್ಲ ಒಂದೇ ಒಂದು ಗಂಡು ಕುದುರೆಯ ಮೇಲೆ ಸುರಿದ. ಆ ಕುದುರೆಯೊಂದಿಗೆ ಹಡಗು ಹತ್ತಿ ಆರು ವಾರಕ್ಕೆ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಜನ ಇವನ ಬಿಳಿ ಮೈ ನೋಡಲು ಹಿಂಡುಹಿಂಡಾಗಿ ಬೆನ್ನು ಹತ್ತಿದರು.

ಘಟ್ಟ ಹತ್ತಿ ಜುನ್ನರ್ ತಲುಪುವಷ್ಟರಲ್ಲಿ ಮಳೆ ಹಿಡಿಯಿತು. ನಾಲ್ಕು ತಿಂಗಳು ಹಗಲೂ ರಾತ್ರಿ ನೀರು, ಕೆಸರು. ಇದನ್ನು ಅವನು ಈ ದೇಶದ ಚಳಿಗಾಲ ಎಂದೇ ಬರೆದುಕೊಂಡ! ರಷ್ಯಾದವನಿಗೆ, ದಾರಿ ಕಟ್ಟಿ ಜನ ಮನೆ ಹಿಡಿಯುವ ಕಾಲ ಯಾವುದೋ ಅದೇ ಚಳಿಗಾಲ. ಆದರೆ ಇಲ್ಲಿಯ ಜನ ಆ ಕಾಲದಲ್ಲೇ ಉತ್ತಿ ಬಿತ್ತುತ್ತಾರೆ ಎಂದು ಕೂಡ ಗಮನಿಸಿದ. ಮುಂಗಾರಿಗೆ ಮುಗಿಲು ನೋಡುತ್ತ ಕೂರುವ ನಮ್ಮ ಮಾನ್ವಿ ಕಡೆಯ ರೈತರಿಗೆ ಇದನ್ನು ಹೇಳಿದರೆ ನಕ್ಕಾರು. ಕುದುರೆಗಳಿಗೆ ಕಡಲೆ ಹಾಕುವುದು, ಬೆಣ್ಣೆ ಸಕ್ಕರೆ ಸೇರಿಸಿ ಕಿಚಡಿ ಬೇಯಿಸಿ ತಿನ್ನಿಸುವುದು ಕೂಡ ಅವನಿಗೆ ಸೋಜಿಗ. ನಮ್ಮ ಹಾಸ್ಟೆಲಿನ ಕಿಚಡಿ ಅಷ್ಟು ಚೆನ್ನಾಗಿರುವುದಿಲ್ಲ.

ಜುನ್ನರಿನ ಅಧಿಕಾರಿ ಅಸದ್ ಖಾನ್. ಈ ವ್ಯಾಪಾರಿ ಮುಸಲ್ಮಾನನಲ್ಲ ಎಂದು ಗೊತ್ತಾದದ್ದೇ ತಡ, ಕುದುರೆಯನ್ನು ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆಯೂ ಹೋಯಿತು, ಮೇಲೆ ಸಾವಿರ ಹೊನ್ನು ದಂಡ. ಗಡುವು ನಾಲ್ಕು ದಿನ. ಅವನನ್ನು ಉಳಿಸಿದವನೂ ಮುಸಲ್ಮಾನನೇ, ಖುರಾಸಾನಿನ ಖ್ವಾಜಾ ಮುಹಮ್ಮದ್. ನಿಕಿತಿನ್ ಕೈಮುಗಿದು ಕೇಳಿಕೊಂಡಾಗ ಅವನು ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆ ಬಿಡಿಸಿ ತಂದ. ಇದಾದ ಮೇಲೆ ನಿಕಿತಿನ್ ತುಂಬ ಕಹಿಯಾಗಿ ಬರೆಯುತ್ತಾನೆ. ಇಲ್ಲಿ ರಷ್ಯಾಕ್ಕೆ ಒಯ್ಯುವಂಥ ಸರಕೇ ಇಲ್ಲ, ಬಂದರೆ ಲಾಭ ಎಂದವರು ಸುಳ್ಳು ಹೇಳಿದರು, ಮೆಣಸು ಬಣ್ಣ ಅಗ್ಗವೇನೋ ಹೌದು, ಆದರೆ ಸುಂಕ ಮತ್ತು ಕಡಲುಗಳ್ಳರಿಗೆ ಕೊಟ್ಟು ಏನು ಉಳಿಯುತ್ತದೆ ಎಂಬುದು ಅವನ ದೂರು.

ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಭಾಗ. ಬೀದರಿಗೆ ಬಂದ. ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ್ ಒಂದು. ಡಿಸೆಂಬರಿನಲ್ಲಿ ಬೆಳಗಿನ ಕ್ಲಾಸಿಗೆ ಹೋಗುವ ನಮ್ಮ ಪಾಡು ನಮಗೇ ಗೊತ್ತು. ಕ್ರಿಸ್‌ಮಸ್ ಸುಮಾರಿಗೆ ಅವನು ಕೊನೆಗೂ ಕುದುರೆ ಮಾರಿದ. ಇಷ್ಟು ದಿನ ಹೊರಗೆ ಅವನ ಹೆಸರು ಖ್ವಾಜಾ ಯೂಸುಫ್ ಖುರಾಸಾನಿ. ಆ ಚಳಿಗಾಲದಲ್ಲಿ ಊರಿನ ಹಿಂದೂಗಳ ಪರಿಚಯ ಬೆಳೆಯಿತು. ಅವರ ಮುಂದೆ ಅವನು ನಿಜ ಹೇಳಿದ: ತಾನು ಮುಸಲ್ಮಾನನಲ್ಲ, ಕ್ರೈಸ್ತ, ಹೆಸರು ಅಫನಾಸಿ. ಆಮೇಲೆ ಅವರೂ ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ಊಟ, ಪೂಜೆ, ವ್ಯಾಪಾರ ಎಲ್ಲವನ್ನೂ ತೋರಿಸಿದರು, ಮನೆ ಹೆಂಗಸರನ್ನೂ ಮರೆಮಾಡಲಿಲ್ಲ. ಬಲಗೈಯಲ್ಲೇ ಉಣ್ಣುವುದು, ಪ್ರಯಾಣದಲ್ಲಿ ತಮ್ಮ ತಮ್ಮ ಗಡಿಗೆಯಲ್ಲೇ ಬೇಯಿಸಿಕೊಳ್ಳುವುದು, ಇದನ್ನೆಲ್ಲ ಹತ್ತಿರದಿಂದ ನೋಡಿದವನ ಹಾಗೆ ಬರೆದಿದ್ದಾನೆ. ರಾತ್ರಿ ಕೂಗುವ ಹಕ್ಕಿ ಯಾರ ಮನೆ ಮೇಲೆ ಕೂತರೆ ಅಲ್ಲಿ ಸಾವು ಎಂಬ ನಂಬಿಕೆಯನ್ನೂ ಬರೆದಿದ್ದಾನೆ. ಗೂಗೆಯ ಬಗ್ಗೆ ನಮ್ಮ ಓಣಿಯಲ್ಲಿ ಇವತ್ತಿಗೂ ಇದೇ ಮಾತಿದೆ.

ಮುಂದೆ ಶಿವರಾತ್ರಿಯ ಹೊತ್ತಿಗೆ ಆ ಗೆಳೆಯರ ಜೊತೆ ಅವನು ಪರ್ವತಕ್ಕೆ ಹೊರಟ. ನಮ್ಮವರಿಗೆ ಬೇರೆ ಹೇಳಬೇಕಿಲ್ಲ, ಪರ್ವತ ಅಂದರೆ ಶ್ರೀಶೈಲ. ಯುಗಾದಿ ಮುಂದಿರುವಾಗ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಮಲ್ಲಯ್ಯನ ಪಾದಯಾತ್ರಿಗಳನ್ನು ನೋಡುತ್ತಲೇ ಬೆಳೆದವನು ನಾನು. ಈ ರಷ್ಯನ್ನನೂ ಅದೇ ಮಲ್ಲಯ್ಯನ ಜಾತ್ರೆ ನೋಡಿದ್ದಾನೆ. ಐದು ದಿನದ ಜಾತ್ರೆ, ತಲೆಗೂದಲು ಗಡ್ಡ ಬೋಳಿಸುವ ಹರಕೆ, ತಲೆಗೆ ಇಷ್ಟು ಕುದುರೆಗೆ ಇಷ್ಟು ಎಂದು ವಸೂಲಿ ಮಾಡುವ ಸುಂಕ, ಹೂವು ಏರಿಸಿಕೊಂಡು ಕೂತ ಕಪ್ಪು ಕಲ್ಲಿನ ನಂದಿ, ಅದರ ಗೊರಸಿಗೆ ಮುತ್ತಿಡುವ ಜನ. ತನ್ನ ಊರವರಿಗೆ ತಿಳಿಯಲೆಂದು, ಇದು ಇವರ ಜೆರುಸಲೇಂ ಎಂದು ವಿವರಿಸುತ್ತಾನೆ.

ಬೀದರಿನ ಅರಮನೆಯ ಏಳು ಬಾಗಿಲಿಗೂ ನೂರು ಕಾವಲುಗಾರರು, ಬಂದವರನ್ನು ಹೋದವರನ್ನು ಬರೆದುಕೊಳ್ಳಲು ನೂರು ಗುಮಾಸ್ತರು. ಪರದೇಶದವರಿಗೆ ಪ್ರವೇಶವಿಲ್ಲ. ಇವತ್ತು ನಾವು ಹುಡುಗರು ಆ ಕೋಟೆಯಲ್ಲಿ ಸುಮ್ಮನೆ ಅಡ್ಡಾಡಿ ಬರುತ್ತೇವೆ. ಸುಲ್ತಾನನಿಗೆ ಇಪ್ಪತ್ತು ವರ್ಷ, ಅಧಿಕಾರವೆಲ್ಲ ಸರದಾರರ ಕೈಯಲ್ಲಿ ಎಂದಿದ್ದಾನೆ. ನನ್ನ ವಯಸ್ಸಿನವನು! ಸರದಾರರು ಬೆಳ್ಳಿ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯವರು ಕಡು ಬಡವರು ಎಂಬುದನ್ನೂ ಬಿಟ್ಟಿಲ್ಲ. ಮಹಮೂದ್ ಗವಾನನ ಮದರಸಾ 1472ರಲ್ಲಿ ಮುಗಿದದ್ದು, ಹೆಚ್ಚುಕಡಿಮೆ ಅದೇ ಕಾಲ. ಅದರ ಮಿನಾರು ನೋಡಿದಾಗಲೆಲ್ಲ ಅವನೂ ಇದರ ಬುಡದಲ್ಲಿ ಹಾದು ಹೋಗಿರಬಹುದು ಎಂದುಕೊಳ್ಳುತ್ತೇನೆ.

ಇಷ್ಟೆಲ್ಲ ನೋಡಿದವನಿಗೆ ಒಳಗೊಂದು ಕೊರಗು. ಪುಸ್ತಕ ಹೋದ ಮೇಲೆ ಹಬ್ಬ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕ ತಪ್ಪಿತು. ಮುಸಲ್ಮಾನರು ಉಪವಾಸ ಮಾಡಿದಾಗ ತಾನೂ ಮಾಡಿದ. ರಾತ್ರಿ ಆಕಾಶದಲ್ಲಿ ಕೃತ್ತಿಕೆ, ಸಪ್ತರ್ಷಿ ಮಂಡಲ ಎಲ್ಲಿವೆ ಎಂದು ನೋಡಿ ಈಸ್ಟರ್ ದಿನವನ್ನು ಅಂದಾಜು ಮಾಡಿದ. ಮಾತು ಕೂಡ ಕಲಸಿಹೋಯಿತು. ರಷ್ಯನ್ ಬರಹದ ನಡುವೆ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಬರುತ್ತವೆ, ಪ್ರಾರ್ಥನೆಯೂ ಆ ಬೆರಕೆಯಲ್ಲೇ. ನನ್ನ ದೇಶದಂಥ ದೇಶವಿಲ್ಲ, ಆದರೆ ಅಲ್ಲಿಯ ಧಣಿಗಳಿಗೆ ನ್ಯಾಯವಿಲ್ಲ ಎಂಬ ಅಭಿಪ್ರಾಯವನ್ನು ಅವನು ತುರ್ಕಿಯಲ್ಲಿ ಬರೆದ. ಊರಿನ ದೊಡ್ಡವರಿಗೆ ಅದು ಓದಲು ಬಾರದಿರಲಿ ಎಂದೇ ಇರಬೇಕು, ಜಾಣ. ಕಡೆಗೆ ಊರ ಹಂಬಲ ಹೆಚ್ಚಿ ದಾಭೋಳ ಬಂದರಿನಲ್ಲಿ ಹಡಗು ಹತ್ತಿದ.

ಆ ಹಡಗು ಗಾಳಿಗೆ ಸಿಕ್ಕಿ ಇಥಿಯೋಪಿಯಾದ ದಡಕ್ಕೆ ಹೋಯಿತು. ಅಲ್ಲಿ ಕಳ್ಳರಿಗೆ ಅಕ್ಕಿ ಮೆಣಸು ಕೊಟ್ಟು ಪಾರಾಗಿ, ಮತ್ತೆ ಹೋರ್ಮುಜ್, ಪರ್ಷಿಯಾ, ಟ್ರೆಬಿಜಾಂಡ್. ಟ್ರೆಬಿಜಾಂಡಿನಲ್ಲಿ ತಪಾಸಣೆ ಮಾಡಿದವರು ಉಳಿದ ಚೂರುಪಾರನ್ನೂ ದೋಚಿದರು. ಕಪ್ಪು ಸಮುದ್ರ ದಾಟಿದ. ಸ್ಮೋಲೆನ್ಸ್ಕ್ ತಲುಪುವ ಮೊದಲೇ, ದಾರಿಯಲ್ಲಿ ತೀರಿಕೊಂಡ. ತ್ವೆರ್ ಮತ್ತೆ ಕಣ್ಣಿಗೆ ಬೀಳಲಿಲ್ಲ.

ಅವನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು 1475ರಲ್ಲಿ ಮಾಸ್ಕೋಗೆ ತಂದು, ಅರಸನ ಅಧಿಕಾರಿ ವಾಸಿಲಿ ಮಮೀರೆವ್‌ಗೆ ಒಪ್ಪಿಸಿದರು. ಮೂರು ಸಮುದ್ರಗಳಾಚೆಯ ಪಯಣ ಎಂಬ ಹೆಸರಿನಲ್ಲಿ ಅವು ಉಳಿದುಬಂದವು. 1955ರಲ್ಲಿ ತ್ವೆರ್‌ನಲ್ಲಿ ಅವನ ಪ್ರತಿಮೆ ನಿಂತಿತು. 1957ರಲ್ಲಿ ಭಾರತ ಮತ್ತು ಸೋವಿಯತ್ ದೇಶ ಸೇರಿ ಅವನ ಕಥೆಯನ್ನು ಸಿನಿಮಾ ಮಾಡಿದವು, ನರ್ಗೀಸ್ ಅದರಲ್ಲಿದ್ದಾರೆ. ಹಿಂದಿಯಲ್ಲಿ ಅದರ ಹೆಸರು ಪರದೇಸಿ. ನಮ್ಮ ಕಡೆ ಪರದೇಶಿ ಅಂದರೆ ಹಿಂದೆ ಮುಂದೆ ಯಾರೂ ಇಲ್ಲದವನು ಎಂದೂ ಅರ್ಥ.

ಆ ಹಾಳೆಗಳಲ್ಲಿ ಕುದುರೆ ಕಿತ್ತುಕೊಂಡ ಖಾನನ ಹೆಸರಿದೆ, ಬಿಡಿಸಿಕೊಟ್ಟ ಖ್ವಾಜಾನ ಹೆಸರಿದೆ, ರಾಯಚೂರಿನ ವಜ್ರದ ಬೆಲೆಯೂ ಇದೆ. ಚಳಿಗಾಲದಲ್ಲಿ ಮನೆಗೆ ಕರೆದು, ಪರ್ವತದವರೆಗೆ ಜೊತೆಗೆ ಬಂದ ಬೀದರಿನ ಆ ಗೆಳೆಯರ ಹೆಸರು ಮಾತ್ರ ಒಂದೂ ಇಲ್ಲ.