ಸ್ಕೀ ಕ್ರೀಡೆಯ ಅರಸು ತೋರ್ಲೈಫ್ ಹೌಗ್

ಯುರೋಪು ಖಂಡದ ಉತ್ತರದ ಅಂಚಿನಲ್ಲಿರುವ ನಾರ್ವೆ ದೇಶದಲ್ಲಿ ವರ್ಷದ ಹಲವು ತಿಂಗಳು ನೆಲವೆಲ್ಲ ಹಿಮದಿಂದ ಮುಚ್ಚಿಹೋಗಿರುತ್ತದೆ. ಆ ನಾಡಿನವರಿಗೆ ಹಿಮವು ಕೌತುಕದ ವಸ್ತುವಲ್ಲ. ದಿನನಿತ್ಯವೂ ದಾಟಿ ಹೋಗಬೇಕಾದ ಹಾದಿ. ಆಳೆತ್ತರಕ್ಕೂ ಮಿಗಿಲಾಗಿ ನೀಳವಾದ, ಮುಂತುದಿ ಮೇಲಕ್ಕೆ ಬಾಗಿದ ಎರಡು ಮರದ ಹಲಗೆಗಳನ್ನು ಕಾಲುಗಳಿಗೆ ಬಿಗಿದುಕೊಂಡು, ಕೈಗಳಲ್ಲಿ ಊರುಗೋಲುಗಳನ್ನು ಹಿಡಿದು, ಹಿಮದ ಮೇಲೆ ಜಾರುತ್ತ ಸಾಗುವ ವಿದ್ಯೆಗೆ ಸ್ಕೀ ಎಂದು ಹೆಸರು. ಬೇಟೆಗಾರನೂ ಒಕ್ಕಲಿಗನೂ ಬಳಸುತ್ತಿದ್ದ ಈ ಸಾಧನವನ್ನು ಸೈನಿಕನೂ ಕಲಿತನು. ಸ್ಕೀಯ ಮೇಲೆ ಸಾಗುತ್ತ ಬಂದೂಕಿನಿಂದ ಗುರಿ ಹೊಡೆಯುವ ಸ್ಪರ್ಧೆಗಳು ನಾರ್ವೆಯ ಸೇನೆಯಲ್ಲಿ 1767ರಷ್ಟು ಹಿಂದೆಯೇ ನಡೆದಿದ್ದವು. ಇಂದು ಬಯಾತ್ಲಾನ್ ಎಂದು ಕರೆಯುವ ಆಟದ ಬೇರು ಅಲ್ಲಿದೆ. ಆದರೆ 20ನೆಯ ಶತಮಾನದ ಆರಂಭದಲ್ಲಿ ಆ ದೇಶದ ಜನ ಬೆರಗಾಗಿ ನಿಂತು ನೋಡುತ್ತಿದ್ದುದು ಎರಡು ಪರೀಕ್ಷೆಗಳನ್ನು: ಕಾಡು ಗುಡ್ಡಗಳ ನಡುವೆ ಬಹುದೂರ ಸ್ಕೀ ಓಡುವುದು ಒಂದು, ಇಳಿಜಾರಿನ ಅಟ್ಟಣೆಯಿಂದ ಗಾಳಿಗೆ ಹಾರಿ ಕೆಳಗೆ ನಿಲ್ಲುವುದು ಇನ್ನೊಂದು. ಈ ಎರಡರಲ್ಲಿಯೂ ಕೈಗೂಡಿದ್ದವನು ತೋರ್ಲೈಫ್ ಹೌಗ್. ಅವನ ದೇಶದವರು ಅವನನ್ನು ಸ್ಕೀಯ ಅರಸು ಎಂದೇ ಕರೆದರು.

ಹೌಗನು 1894ನೆಯ ಇಸವಿಯ ಸೆಪ್ಟೆಂಬರ್ 28ರಂದು ಲಿಯರ್ ಎಂಬ ಗ್ರಾಮಾಂತರ ಪ್ರದೇಶದಲ್ಲಿ ಜನಿಸಿದನು. ಇದು ರಾಜಧಾನಿಯ ನೈರುತ್ಯಕ್ಕೆ, ಡ್ರಾಮನ್ ಪಟ್ಟಣದ ನೆರೆಯಲ್ಲಿದೆ. ಡ್ರಾಮನ್ನಿನ ಡ್ರಾಫ್ನ್ ಸಂಘದ ಪರವಾಗಿ ಅವನು ಸ್ಪರ್ಧೆಗಳಿಗೆ ಇಳಿದನು. ಅವನ ಬಾಲ್ಯದ ಕಥೆಗಿಂತ ಯೌವನದ ಕಥೆಯೇ ದೊಡ್ಡದು.

ನಾರ್ವೆಯ ಸ್ಕೀಪಟುವಿಗೆ ಹೋಲ್ಮೆನ್‌ಕೋಲೆನ್ ಎಂಬುದು ವಿದ್ವತ್ಸಭೆಯಿದ್ದಂತೆ. ರಾಜಧಾನಿಯ ಮೇಲಿನ ಗುಡ್ಡದಲ್ಲಿ 1892ರಿಂದ ನಡೆದುಬಂದ ಈ ಕೂಟದಲ್ಲಿ ಗೆದ್ದವನೇ ಗೆದ್ದವನೆಂದು ಆ ಜನರ ಎಣಿಕೆ. ಅಲ್ಲಿಯ 50 ಕಿಲೋಮೀಟರ್ ಓಟವನ್ನು ಹೌಗನು 1918ರಲ್ಲಿ ಮೊದಲ ಬಾರಿಗೆ ಗೆದ್ದನು. ಮರುವರ್ಷವೂ ಗೆದ್ದನು, 1920ರಲ್ಲಿಯೂ 1921ರಲ್ಲಿಯೂ ಅವನದೇ ಗೆಲುವು. 1922ರಲ್ಲಿ ಆ ಗೌರವ ಫಿನ್‌ಲೆಂಡಿನ ಆಂಟನ್ ಕೊಲಿನ್ನನ ಪಾಲಾಯಿತು. ಆದರೆ 1923 ಮತ್ತು 1924ರಲ್ಲಿ ಹೌಗನು ಅದನ್ನು ಮರಳಿ ಪಡೆದನು. ಹೀಗೆ ಏಳು ವರ್ಷಗಳಲ್ಲಿ ಆರು ಗೆಲುವು. ಇದರ ಜೊತೆಗೆ ಓಟವನ್ನೂ ಜಿಗಿತವನ್ನೂ ಕೂಡಿಸಿ ಎಣಿಸುವ ಸಂಯುಕ್ತ ಸ್ಪರ್ಧೆಯನ್ನು 1919, 1920, 1921 ಈ ಮೂರು ವರ್ಷ ಎಡೆಬಿಡದೆ ಗೆದ್ದನು.

ಇದರ ಹಿರಿಮೆ ತಿಳಿಯಬೇಕಾದರೆ ಈ ಎರಡು ವಿದ್ಯೆಗಳ ಅಂತರವನ್ನು ಅರಿಯಬೇಕು. 50 ಕಿಲೋಮೀಟರ್ ಓಟವು ಉಸಿರಿನ ಮತ್ತು ತಾಳ್ಮೆಯ ಪರೀಕ್ಷೆ. ಮೂರು ನಾಲ್ಕು ಗಂಟೆಗಳ ಕಾಲ ಏರುತ್ತ, ಇಳಿಯುತ್ತ, ಶೀತದಲ್ಲಿ ಏಕಾಕಿಯಾಗಿ ದೇಹವನ್ನು ಎಳೆದುಕೊಂಡು ಹೋಗಬೇಕು. ಜಿಗಿತವಾದರೋ ಕೆಲವೇ ಕ್ಷಣಗಳ ಮಾತು. ಅಲ್ಲಿ ಬೇಕಾದುದು ಎದೆಗಾರಿಕೆ, ಅಂಗಸೌಷ್ಠವ, ನೆಲ ಮುಟ್ಟುವಾಗ ತೂಕ ತಪ್ಪದ ಸಮತೋಲ. ವ್ಯಾಕರಣದಲ್ಲಿ ಪಾರಂಗತನಾದವನು ಅದೇ ಕಾಲಕ್ಕೆ ಗಾಯನದಲ್ಲಿಯೂ ಸಭೆಯನ್ನು ಗೆದ್ದರೆ ಎಂತೋ ಇದೂ ಅಂತೆಯೇ. ಅಪರೂಪಕ್ಕೆ ಒಬ್ಬನಿಗೆ ಮಾತ್ರ ಅದು ಒಲಿಯುತ್ತದೆ.

1924ರ ಜನವರಿ 25ರಿಂದ ಫೆಬ್ರವರಿ 5ರ ವರೆಗೆ ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತದ ಬುಡದಲ್ಲಿರುವ ಶಾಮೊನಿ ಎಂಬ ಊರಿನಲ್ಲಿ ಚಳಿಗಾಲದ ಆಟಗಳ ಅಂತಾರಾಷ್ಟ್ರೀಯ ಸಪ್ತಾಹವೊಂದು ಜರುಗಿತು. ಅದಕ್ಕೆ ಪ್ರಥಮ ಚಳಿಗಾಲದ ಒಲಿಂಪಿಕ್ಸ್ ಎಂಬ ಬಿರುದು ದೊರೆತದ್ದು ಆಟಗಳೆಲ್ಲ ಮುಗಿದ ಮೇಲೆ, ಒಲಿಂಪಿಕ್ ಸಮಿತಿಯ ತೀರ್ಮಾನದಿಂದ. ನಾರ್ವೆಯ ಕ್ರೀಡಾ ಮುಖಂಡರಿಗೆ ಮೊದಲು ಈ ಹೊಸ ಕೂಟದಲ್ಲಿ ಅಷ್ಟಾಗಿ ಮನಸ್ಸಿರಲಿಲ್ಲ. ಹೋಲ್ಮೆನ್‌ಕೋಲೆನ್ನಿನ ಹಿರಿತನಕ್ಕೆ ಎಲ್ಲಿ ಕುಂದು ಬರುವುದೋ ಎಂಬ ಆತಂಕ ಅವರದು. ಹಾಗಿದ್ದರೂ ತಂಡವನ್ನು ಕಳುಹಿಸಿದರು. ಕಳುಹಿಸಿದ್ದು ಒಳ್ಳೆಯದೇ ಆಯಿತು.

ಜನವರಿ 30ರಂದು 50 ಕಿಲೋಮೀಟರ್ ಓಟ. ಹೌಗನಿಗೆ ಆಗ 29 ವರ್ಷ. ಅವನು 3 ಗಂಟೆ 44 ನಿಮಿಷ 32 ಸೆಕೆಂಡುಗಳಲ್ಲಿ ಗುರಿಯನ್ನು ಸೇರಿ ಮೊದಲಿಗನಾದನು. ಅವನ ಹಿಂದೆ ಎರಡು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ತೊರಾಲ್ಫ್ ಸ್ಟ್ರೋಮ್‌ಸ್ಟಾಡ್, ಬಳಿಕ ಯೋಹಾನ್ ಗ್ರೊಟ್ಟುಮ್ಸ್‌ಬ್ರೋಟೆನ್, ನಾಲ್ಕನೆಯವನು ಯೋನ್ ಮೋರ್ಡಾಲನ್. ನಾಲ್ವರೂ ನಾರ್ವೆಯವರೇ. ಇವರಲ್ಲಿ ಸ್ಟ್ರೋಮ್‌ಸ್ಟಾಡನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಈ ಕಥೆಯ ಕೊನೆಗೆ ಅವನು ಮತ್ತೆ ಬರುತ್ತಾನೆ. ಮೂರು ದಿನಗಳ ಮೇಲೆ, ಫೆಬ್ರವರಿ 2ರಂದು 18 ಕಿಲೋಮೀಟರ್ ಓಟದಲ್ಲಿ ಹೌಗನು 1 ಗಂಟೆ 14 ನಿಮಿಷ 31 ಸೆಕೆಂಡುಗಳಲ್ಲಿ ಮತ್ತೊಮ್ಮೆ ಗೆದ್ದನು. ಇದೇ ಓಟದ ಫಲವನ್ನು ಸಂಯುಕ್ತ ಸ್ಪರ್ಧೆಗೂ ಎಣಿಸಲಾಯಿತು. ಅದಕ್ಕೆ ಜಿಗಿತದ ಅಂಕಗಳನ್ನು ಕೂಡಿಸಿದಾಗ ಅಲ್ಲಿಯೂ ಅಗ್ರಸ್ಥಾನ ಅವನದಾಯಿತು. ಆರು ದಿನಗಳ ಒಳಗೆ ಮೂರು ಚಿನ್ನದ ಪದಕಗಳು!

ಉಳಿದದ್ದು ಕೇವಲ ಜಿಗಿತದ ಸ್ಪರ್ಧೆ. ಅದು ನಡೆದದ್ದು ಫೆಬ್ರವರಿ 4ರಂದು. ಜಿಗಿತದಲ್ಲಿ ದೂರವೊಂದೇ ನಿರ್ಣಾಯಕವಲ್ಲ. ಹಾರಿದ ದೂರಕ್ಕೆ ಒಂದು ಅಂಕ, ಹಾರಾಟದ ಮತ್ತು ನೆಲ ಮುಟ್ಟುವಿಕೆಯ ಅಂದಕ್ಕೆ ನ್ಯಾಯಾಧೀಶರು ಕೊಡುವ ಅಂಕ ಬೇರೆ. ಎಲ್ಲವನ್ನೂ ಸೇರಿಸಿ ಒಟ್ಟು ಫಲವನ್ನು ಲೆಕ್ಕ ಹಾಕಬೇಕು. ನಾರ್ವೆಯ ಯಾಕೊಬ್ ತುಲಿನ್ ಥಾಮ್ಸ್ ಮೊದಲಿಗನಾದನು, ಅವನ ದೇಶದವನೇ ಆದ ನಾರ್ವೆ ಬೊನ್ನ ಎರಡನೆಯವನಾದನು. ಮೂರನೆಯ ಸ್ಥಾನ ಯಾರಿಗೆ? ಪಟ್ಟಿಯಲ್ಲಿ ಹೌಗನ ಹೆಸರಿನ ಮುಂದೆ 18.000 ಅಂಕವೂ ಅಮೆರಿಕದ ತಂಡದ ನಾಯಕ ಆಂಡರ್ಸ್ ಹೌಗೆನ್ನನ ಹೆಸರಿನ ಮುಂದೆ 17.916 ಅಂಕವೂ ಬಿದ್ದವು. ಕಂಚಿನ ಪದಕ ಹೌಗನಿಗೆ ಸಂದಿತು.

ಈ ಹೌಗೆನ್ನನು ಹುಟ್ಟಿನಿಂದ ಅಮೆರಿಕದವನಲ್ಲ. 1888ರಲ್ಲಿ ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಬೋ ಎಂಬಲ್ಲಿ ಹುಟ್ಟಿ, ಯೌವನದಲ್ಲಿ ಕಡಲು ದಾಟಿ ಹೋಗಿ ಅಲ್ಲಿ ನೆಲಸಿದವನು. ಕೊಲರಾಡೊ ಸಂಸ್ಥಾನದ ಡಿಲ್ಲನ್ ಎಂಬಲ್ಲಿ 1919ರಲ್ಲಿ 213 ಅಡಿ ಹಾರಿ ಹೆಸರಾಗಿದ್ದವನು. ಇಬ್ಬರ ಹೆಸರುಗಳೂ ಒಂದೇ ಧಾತುವಿನಿಂದ ಹೊಮ್ಮಿದವು ಎಂಬುದು ಶಬ್ದಪ್ರಿಯರಿಗೆ ರುಚಿಸುವ ಸಂಗತಿ. ನಾರ್ವೆಯ ಭಾಷೆಯಲ್ಲಿ ಹೌಗ್ ಎಂದರೆ ದಿಬ್ಬ. ಹೌಗೆನ್ ಎಂದರೆ ಆ ದಿಬ್ಬ ಎಂದು ನಿರ್ದೇಶಿಸಿ ಹೇಳುವ ರೂಪ. ಶಾಮೊನಿಯಲ್ಲಿ ಹೌಗೆನ್ನನು ಒಮ್ಮೆ 50 ಮೀಟರ್ ದೂರ ಹಾರಿದ್ದನು. ಹೌಗನ ಜಿಗಿತಗಳು ಅದಕ್ಕಿಂತ ಗಿಡ್ಡವಾದವು. ಆದರೂ ಯಾರಿಗೂ ಸಂಶಯ ಬರಲಿಲ್ಲ. ಅಂದದ ಅಂಕಗಳು ದೂರದ ಕೊರತೆಯನ್ನು ತುಂಬಬಲ್ಲವು ಎಂಬುದು ಎಲ್ಲರೂ ಬಲ್ಲ ಮಾತು. ದೋಷವು ಅಡಗಿ ಕುಳಿತದ್ದು ಈ ನಂಬಿಕೆಯ ನೆರಳಿನಲ್ಲಿಯೇ. ಅಂಕಗಳನ್ನು ಲೆಕ್ಕ ಹಾಕುವಾಗ ತಪ್ಪಾಗಿತ್ತು. ಸರಿಯಾಗಿ ಎಣಿಸಿದ್ದರೆ ಹೌಗನ ಮೊತ್ತವು ಹೌಗೆನ್ನನ ಮೊತ್ತಕ್ಕಿಂತ ಕೆಳಗೆ ಇಳಿಯುತ್ತಿತ್ತು. ಪಾಠಶಾಲೆಯ ಬಾಲಕನೂ ಒಂದು ಸಲ ತಾಳೆ ನೋಡಿ ತಿದ್ದಬಹುದಾಗಿದ್ದ ತಪ್ಪು! ಆದರೆ ಅಂದು ತಾಳೆ ನೋಡುವವರಿಲ್ಲದೆ ಹೋಯಿತು.

ಹೌಗನು ಈ ವಿಷಯವನ್ನು ಅರಿಯನು. ಅವನು ಯಾರನ್ನೂ ವಂಚಿಸಲಿಲ್ಲ. ಕೊಟ್ಟುದನ್ನು ತೆಗೆದುಕೊಂಡನು ಅಷ್ಟೇ. ಅದೇ 1924ರಲ್ಲಿ ಹೋಲ್ಮೆನ್‌ಕೋಲೆನ್ನಿನ 50 ಕಿಲೋಮೀಟರ್ ಓಟವನ್ನು ಆರನೆಯ ಸಲ ಗೆದ್ದನು. 1926ರಲ್ಲಿ ಫಿನ್‌ಲೆಂಡಿನ ಲಾಹ್ತಿಯಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಸಂಯುಕ್ತ ವಿಭಾಗದ ಬೆಳ್ಳಿಯನ್ನು ಪಡೆದನು. ಅಲ್ಲಿ ಅವನನ್ನು ಹಿಂದಿಕ್ಕಿದವನು ಹಳೆಯ ಒಡನಾಡಿ ಗ್ರೊಟ್ಟುಮ್ಸ್‌ಬ್ರೋಟೆನ್. ಮುಂದಿನ ವರ್ಷಗಳಲ್ಲಿ ಅರಸುತನ ಆತನಿಗೆ ದಾಟಿತು.

1934ರ ಡಿಸೆಂಬರ್ 12ರಂದು ಹೌಗನು ನ್ಯುಮೋನಿಯಾ ಬೇನೆಯಿಂದ ತೀರಿಕೊಂಡನು. ವಯಸ್ಸು 40 ಮಾತ್ರ. ಘೋರ ಚಳಿಯಲ್ಲಿ ಗಂಟೆಗಟ್ಟಲೆ ಓಡಿ ದಣಿಯದಿದ್ದ ಶ್ವಾಸಕೋಶಗಳೇ ಕೊನೆಗೆ ಸೋತದ್ದು ವಿಧಿಯ ವಿಚಿತ್ರ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಡ್ರಾಮನ್ ಪಟ್ಟಣದವರು ಅವನ ಪ್ರತಿಮೆಯನ್ನು ನಿಲ್ಲಿಸಿದರು. ಯುದ್ಧಕಾಲದ ಐದು ವರ್ಷ ಪರರ ಆಳ್ವಿಕೆಯಲ್ಲಿ ನಲುಗಿದ್ದ ನಾಡು ತನ್ನ ಹಳೆಯ ವೀರನನ್ನು ಅಷ್ಟು ಬೇಗ ನೆನೆದುದು ಗಮನಾರ್ಹ. ಆಗಲೂ ಅವನು ಶಾಮೊನಿಯ ನಾಲ್ಕು ಪದಕಗಳ ಒಡೆಯನೆಂದೇ ಎಲ್ಲರ ತಿಳಿವಳಿಕೆ.

ಹೀಗೆ 50 ವರ್ಷಗಳು ಉರುಳಿದವು. 1974ರಲ್ಲಿ ಶಾಮೊನಿಯ ಆಟಗಳ ಸುವರ್ಣ ಸ್ಮರಣೆಯ ಸಂದರ್ಭ. ಅಂದಿನ ತಂಡದಲ್ಲಿ ಹೌಗನಿಗೆ ಎರಡು ಬಾರಿ ಎರಡನೆಯವನಾಗಿ ನಿಂತಿದ್ದ ಸ್ಟ್ರೋಮ್‌ಸ್ಟಾಡ್ ಇನ್ನೂ ಬದುಕಿದ್ದನು. ಹಳೆಯ ಫಲಿತಾಂಶಗಳ ಎಣಿಕೆಯಲ್ಲಿನ ತಪ್ಪು ಅವನ ಮತ್ತು ನಾರ್ವೆಯ ಸ್ಕೀ ಇತಿಹಾಸಕಾರ ಯಾಕೊಬ್ ವೋಗೆಯ ಕಣ್ಣಿಗೆ ಬಿದ್ದಿತು. ಅದನ್ನು ಬಚ್ಚಿಡುವುದು ಅವರಿಗೆ ಅತಿ ಸುಲಭವಾಗಿತ್ತು. ತಪ್ಪಿನಿಂದ ಲಾಭವಾದದ್ದು ತಮ್ಮ ದೇಶಕ್ಕೆ. ಪದಕ ಪಡೆದವನು ತಮ್ಮ ಜನರ ಕಣ್ಮಣಿ, ಸತ್ತು 40 ವರ್ಷವಾಗಿದ್ದವನು. ಕೇಳುವವರು ಯಾರೂ ಇರಲಿಲ್ಲ. ಹಾಗಿದ್ದೂ ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ. ಗೆಳೆಯನ ಕೀರ್ತಿಯಿಂದ ಒಂದು ತುಣುಕನ್ನು ಕಳೆಯುವ ಕೆಲಸವನ್ನು ಗೆಳೆಯನೇ ಮಾಡಬೇಕಾಗಿ ಬಂತು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ತಿದ್ದುಪಡಿಯನ್ನು ಒಪ್ಪಿಕೊಂಡಿತು.

ಪದಕ ಹೌಗನ ಮಗಳ ಬಳಿಯಿತ್ತು. ತಂದೆ ಬಿಟ್ಟುಹೋದ ವಸ್ತು. ಮನೆಯವರ ಪಾಲಿಗೆ ಅದು ಬರಿಯ ಕಂಚಲ್ಲ. ಅದನ್ನು ಅವಳು ತನ್ನ ಕೈಯಿಂದಲೇ ಒಪ್ಪಿಸಲು ನಿಶ್ಚಯಿಸಿದಳು. 1974ರ ಸೆಪ್ಟೆಂಬರಿನಲ್ಲಿ ಓಸ್ಲೋ ನಗರಕ್ಕೆ ಅಮೆರಿಕದಿಂದ ಬಂದಿದ್ದ ಆಂಡರ್ಸ್ ಹೌಗೆನ್ನನಿಗೆ ಆಗ 85 ವರ್ಷ. ಹುಟ್ಟಿದ ನಾಡಿನಲ್ಲಿಯೇ, ತನ್ನನ್ನು ಅರಿಯದೆ ಸೋಲಿಸಿದವನ ಮಗಳಿಂದ, ಅರ್ಧ ಶತಮಾನ ತಡವಾಗಿ ಆ ವೃದ್ಧನು ಕಂಚಿನ ಪದಕವನ್ನು ಸ್ವೀಕರಿಸಿದನು. ಸ್ಕೀ ಜಿಗಿತದಲ್ಲಿ ಒಲಿಂಪಿಕ್ ಪದಕ ಪಡೆದ ಮೊದಲ ಅಮೆರಿಕದವನು ಎಂಬ ಹೆಸರು ಅವನಿಗೆ ಸಂದಿತು. ಆ ಬಳಿಕ ಅವನು ಇನ್ನೂ ಹತ್ತು ವರ್ಷ ಬದುಕಿದ್ದು 1984ರಲ್ಲಿ ಕಾಲವಾದನು. ಹೌಗನ ಹೆಸರಿನಲ್ಲಿ ಶಾಮೊನಿಯ ಮೂರು ಚಿನ್ನದ ಪದಕಗಳು ಉಳಿದವು. ಜಿಗಿತದ ಪಟ್ಟಿಯಲ್ಲಿ ಅವನು ನಾಲ್ಕನೆಯ ಸಾಲಿಗೆ ಇಳಿದನು.